ಪಂದ್ಯಗಳ ಪಟ್ಟಿಯೂ ತಂಡದ ಹಣೆಬರಹವೂ

ಅಮೆರಿಕೆಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ 2013–14ರ ಋತು ಮುಗಿದಾಗ ವಿಚಿತ್ರವಾದ ಸಂಗತಿಯೊಂದು ಕಂಡುಬಂದಿತು. ಫೀನಿಕ್ಸ್ ನಗರದ ‘ಸನ್ಸ್’ ತಂಡ 82 ಪಂದ್ಯಗಳಲ್ಲಿ 48ನ್ನು ಗೆದ್ದಿತ್ತು. ಅಟ್ಲಾಂಟಾ ನಗರದ ‘ಹಾಕ್ಸ್’ ತಂಡ ಗೆದ್ದುದು 38 ಮಾತ್ರ. ಆದರೂ ಪ್ರಶಸ್ತಿಗಾಗಿ ನಡೆಯುವ ಮುಂದಿನ ಸುತ್ತುಗಳಿಗೆ ಪ್ರವೇಶ ದೊರೆತುದು ಹಾಕ್ಸ್ ತಂಡಕ್ಕೆ. ಹತ್ತು ಪಂದ್ಯಗಳನ್ನು ಹೆಚ್ಚಾಗಿ ಗೆದ್ದ ಸನ್ಸ್ ಆಟಗಾರರು ಮನೆಗೆ ಮರಳಬೇಕಾಯಿತು.

ಇದಕ್ಕೆ ನೇರವಾದ ಕಾರಣವೇನೋ ಸರಳ. ಅಂದಿನ ನಿಯಮದಂತೆ ಪೂರ್ವ ವಿಭಾಗದಿಂದ ಎಂಟು, ಪಶ್ಚಿಮ ವಿಭಾಗದಿಂದ ಎಂಟು ತಂಡಗಳನ್ನು ಆರಿಸುತ್ತಿದ್ದರು. ಹಾಕ್ಸ್ ಪೂರ್ವದಲ್ಲಿ ಎಂಟನೆಯದು. ಸನ್ಸ್ ಪಶ್ಚಿಮದಲ್ಲಿ ಒಂಬತ್ತನೆಯದು. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ. ಆ 48 ಮತ್ತು 38 ಎಂಬ ಸಂಖ್ಯೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಬಹುದೆ? ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದು ಪಡೆದ ಅಂಕಗಳನ್ನು ಹೋಲಿಸುವಾಗ ನಾವು ಮೊದಲು ಕೇಳಬೇಕಾದುದು ಯಾವ ಪತ್ರಿಕೆ ಕಠಿಣವಾಗಿತ್ತು ಎಂಬುದನ್ನೇ ಅಲ್ಲವೆ? ತಂಡಕ್ಕೆ ಪಂದ್ಯಗಳ ಪಟ್ಟಿಯೇ ಪ್ರಶ್ನೆಪತ್ರಿಕೆ.

ಪಟ್ಟಿಯ ರಚನೆ

ಅಲ್ಲಿಯ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದಲ್ಲಿ, ಎಂದರೆ ಎನ್.ಬಿ.ಎ.ಯಲ್ಲಿ, 30 ತಂಡಗಳಿವೆ. ಪೂರ್ವ, ಪಶ್ಚಿಮ ಎಂಬ ಎರಡು ವಿಭಾಗಗಳಲ್ಲಿ ತಲಾ 15 ತಂಡಗಳು. ಒಂದೊಂದು ವಿಭಾಗದಲ್ಲಿಯೂ ಐದೈದು ತಂಡಗಳ ಮೂರು ಗುಂಪುಗಳು. ಪ್ರತಿಯೊಂದು ತಂಡವೂ ತವರಿನಲ್ಲಿ 41, ಪರಸ್ಥಳದಲ್ಲಿ 41, ಹೀಗೆ 82 ಪಂದ್ಯಗಳನ್ನು ಆಡಬೇಕು. ಎದುರಾಳಿಗಳು 29. ಎಲ್ಲರೊಡನೆಯೂ ಸಮನಾಗಿ ಆಡೋಣವೆಂದರೆ 82ನ್ನು 29ರಿಂದ ಭಾಗಿಸಿದಾಗ ಶೇಷ ಉಳಿಯುತ್ತದೆ. ಅದೂ ಅಲ್ಲದೆ ಬೋಸ್ಟನ್ನಿಗೂ ಲಾಸ್ ಏಂಜಲೀಸಿಗೂ ನಡುವೆ 4,000 ಕಿಲೋಮೀಟರಿಗೂ ಮಿಕ್ಕ ಅಂತರವಿದೆ. ಇಂತಹ ಪ್ರಯಾಣಗಳನ್ನು ಮಿತಗೊಳಿಸುವುದು ಅನಿವಾರ್ಯ.

ಆದುದರಿಂದ ಹಂಚಿಕೆಯನ್ನು ಹೀಗೆ ಮಾಡಿದ್ದಾರೆ: ಸ್ವಂತ ಗುಂಪಿನ ನಾಲ್ಕು ತಂಡಗಳೊಡನೆ ನಾಲ್ಕು ನಾಲ್ಕು ಪಂದ್ಯ, ಒಟ್ಟು 16, ಸ್ವಂತ ವಿಭಾಗದ ಇನ್ನು ಆರು ತಂಡಗಳೊಡನೆ ನಾಲ್ಕು ನಾಲ್ಕು, ಒಟ್ಟು 24, ಉಳಿದ ನಾಲ್ಕು ತಂಡಗಳೊಡನೆ ಮೂರು ಮೂರು, ಒಟ್ಟು 12. ಇವೆಲ್ಲ ಸೇರಿ 52. ಎದುರು ವಿಭಾಗದ 15 ತಂಡಗಳೊಡನೆ ಎರಡೆರಡರಂತೆ 30. ಇಂದಿಗೂ ವ್ಯವಸ್ಥೆ ಬಹುಮಟ್ಟಿಗೆ ಇದೇ ಆಗಿದೆ.

ಒಂದು ಸಣ್ಣ ಲೆಕ್ಕ

ಈಗ ನಮ್ಮ ಸಮಸ್ಯೆಗೆ ಮರಳೋಣ. 2013–14ರಲ್ಲಿ ಎರಡು ವಿಭಾಗಗಳ ನಡುವೆ ನಡೆದ 450 ಪಂದ್ಯಗಳಲ್ಲಿ ಪಶ್ಚಿಮದವರು 284ನ್ನು ಗೆದ್ದರು. ಎಂದರೆ ನೂರಕ್ಕೆ 63. ತಮ್ಮತಮ್ಮೊಳಗೆ ಆಡುವಾಗ ಅವರ ಸರಾಸರಿ ನೂರಕ್ಕೆ 50 ಆಗಿರಲೇಬೇಕು. ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಹಾಗಾದರೆ ಸಾಧಾರಣವಾದ ಪಶ್ಚಿಮದ ತಂಡಕ್ಕೆ ಪೂರ್ವದ ಎದುರಾಳಿ ದೊರೆತಾಗಲೆಲ್ಲ ಗೆಲುವಿನ ಸಂಭವ 0.13ರಷ್ಟು ಹೆಚ್ಚುತ್ತಿತ್ತು. ಸನ್ಸ್ ತಂಡವನ್ನು ಪೂರ್ವ ವಿಭಾಗಕ್ಕೆ ವರ್ಗಾಯಿಸಿದೆವೆಂದು ಭಾವಿಸಿ. ಪೂರ್ವದವರೊಡನೆ 30ರ ಬದಲು 52 ಪಂದ್ಯ, ವ್ಯತ್ಯಾಸ 22. ಇದನ್ನು 0.13ರಿಂದ ಗುಣಿಸಿದರೆ 2.9, ಹೆಚ್ಚುಕಡಮೆ ಮೂರು ಗೆಲುವು. ಹೀಗೆ ಸನ್ಸ್ ತಂಡದ 48 ಸುಮಾರು 51 ಆಗುತ್ತಿತ್ತು. ಹಾಕ್ಸ್ ಪಶ್ಚಿಮದಲ್ಲಿದ್ದಿದ್ದರೆ ಅದರ 38 ಸುಮಾರು 35ಕ್ಕೆ ಇಳಿಯುತ್ತಿತ್ತು.

82ರಲ್ಲಿ ಮೂರು ಎಂದರೆ ಅಲ್ಪವೆಂದು ತೋರಬಹುದು. ಆದರೆ ಪಶ್ಚಿಮದಲ್ಲಿ ಎಂಟನೆಯ ಸ್ಥಾನ ಪಡೆದ ಡಲ್ಲಾಸ್ ತಂಡದ ಗೆಲುವುಗಳು 49. ಸನ್ಸ್ ತಂಡ ಹೊರಗುಳಿದುದು ಒಂದೇ ಒಂದು ಗೆಲುವಿನ ಕೊರತೆಯಿಂದ! ಪೂರ್ವದಲ್ಲಾದರೋ 48 ಗೆಲುವುಗಳೇ ಮೂರನೆಯ ಸ್ಥಾನಕ್ಕೆ ಸಮನಾಗಿದ್ದುವು.

ಯಾವಾಗ, ಎಲ್ಲಿ?

ಎದುರಾಳಿ ಯಾರೆಂಬುದಷ್ಟೇ ಪಟ್ಟಿಯ ಕಾಠಿಣ್ಯವಲ್ಲ. ಈ ಸಂಘದಲ್ಲಿ ತವರಿನ ತಂಡಗಳು ಬಹುಕಾಲ ನೂರಕ್ಕೆ 60ರ ಆಸುಪಾಸಿನಲ್ಲಿ ಗೆಲ್ಲುತ್ತಿದ್ದುವು. ಈಚಿನ ಕೆಲವು ಋತುಗಳಲ್ಲಿ ಅದು 55ರ ಸಮೀಪಕ್ಕೆ ಇಳಿದಿದೆ. ಇಡೀ ಋತುವಿನಲ್ಲಿ ತವರೂ ಪರಸ್ಥಳವೂ ಸಮವಾದುದರಿಂದ ಈ ಲಾಭನಷ್ಟಗಳು ಒಂದನ್ನೊಂದು ತೊಡೆದುಹಾಕುತ್ತವೆ. ಆದರೆ ಋತುವಿನ ಒಂದು ತುಣುಕನ್ನು ಮಾತ್ರ ನೋಡಿದರೆ ಹಾಗಿಲ್ಲ. ಸ್ಯಾನ್ ಆಂಟೋನಿಯೋ ನಗರದ ‘ಸ್ಪರ್ಸ್’ ತಂಡ ಇದಕ್ಕೆ ಒಳ್ಳೆಯ ನಿದರ್ಶನ. ಫೆಬ್ರವರಿಯಲ್ಲಿ ಅವರ ಕ್ರೀಡಾಂಗಣ ದನಕುದುರೆಗಳ ಜಾತ್ರೆಗೆ ಮೀಸಲಾಗುವುದರಿಂದ, 2003ರಿಂದ ಮೊದಲ್ಗೊಂಡು ಆ ತಂಡಕ್ಕೆ ಆ ಕಾಲದಲ್ಲಿ ದೀರ್ಘ ಪ್ರವಾಸ ಒದಗುತ್ತ ಬಂದಿದೆ.

ಬಿಡುವೂ ಮುಖ್ಯ. ಒಂದು ರಾತ್ರಿ ಆಡಿ, ವಿಮಾನವೇರಿ, ಮರುರಾತ್ರಿ ಇನ್ನೊಂದು ಊರಿನಲ್ಲಿ ಆಡಬೇಕಾದ ಸಂದರ್ಭಗಳು ಪ್ರತಿ ತಂಡಕ್ಕೂ ಬರುತ್ತವೆ. ಐದು ರಾತ್ರಿಗಳಲ್ಲಿ ನಾಲ್ಕು ಪಂದ್ಯಗಳನ್ನು ಆಡಿಸುವ ಪದ್ಧತಿಯನ್ನಂತೂ 2017–18ರ ಪಟ್ಟಿಯಿಂದ ಕೈಬಿಟ್ಟರು. ಡೆನ್ವರ್ ನಗರ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಆರರಲ್ಲಿ ಐದು ಪಾಲು ಮಾತ್ರ. ದಣಿದು ಬಂದ ಅತಿಥಿಗಳಿಗೆ ಅಲ್ಲಿ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಕಡಮೆ.

ಪಂದ್ಯಗಳ ಕ್ರಮ ನಮ್ಮನ್ನು ಹೇಗೆ ಮೋಸಗೊಳಿಸಬಲ್ಲದು ನೋಡಿ. ಸಾಧಾರಣ ತಂಡವೊಂದರ ಮೊದಲ 20 ಪಂದ್ಯಗಳೂ ಬಲಿಷ್ಠರೊಡನೆ ಬಿದ್ದಿವೆ, ಅವುಗಳಲ್ಲಿ 14 ಪರಸ್ಥಳದಲ್ಲಿ ಎಂದಿಟ್ಟುಕೊಳ್ಳೋಣ. ಅಂತಹ ಎದುರಾಳಿಗಳ ಮೇಲೆ ತವರಿನಲ್ಲಿ ಗೆಲ್ಲುವ ಸಂಭವ 0.4, ಹೊರಗೆ 0.3 ಆದರೆ, ನಿರೀಕ್ಷಿಸಬಹುದಾದ ಗೆಲುವುಗಳು 6.6 ಮಾತ್ರ. ತಂಡದ ಶಕ್ತಿ ಎಳ್ಳಷ್ಟೂ ಕುಂದಿಲ್ಲ. ಆದರೂ ಏಳು ಗೆಲುವು, ಹದಿಮೂರು ಸೋಲು ಎಂಬುದನ್ನು ಕಂಡವರು ತರಬೇತುಗಾರನನ್ನು ಬದಲಾಯಿಸಬೇಕೆಂದು ಕೂಗೆಬ್ಬಿಸುತ್ತಾರೆ. ಪಟ್ಟಿಯನ್ನು ಓದಬಲ್ಲವನು ತಾಳ್ಮೆಯಿಂದ ಕಾಯುತ್ತಾನೆ.

ಅಳೆಯುವ ಬಗೆ

ಕಾಠಿಣ್ಯವನ್ನು ಅಳೆಯಲು ಎದುರಾಳಿಗಳ ಗೆಲುವುಗಳ ಸರಾಸರಿ ಸಾಲದೆ? ಸಾಲದು; ಏಕೆಂದರೆ ಆ ಎದುರಾಳಿಗಳ ಗೆಲುವುಗಳೂ ಅವರವರ ಪಟ್ಟಿಯನ್ನು ಅವಲಂಬಿಸಿವೆ. ಈ ಚಕ್ರದಿಂದ ಹೊರಬರುವ ಉಪಾಯ ಗಣಿತದಲ್ಲಿದೆ. ತಂಡದ ಬಲವನ್ನು ಹೀಗೆ ನಿರೂಪಿಸೋಣ: ಪ್ರತಿ ಪಂದ್ಯದಲ್ಲಿ ಅದು ಪಡೆದ ಅಂಕಗಳ ಸರಾಸರಿ ಮುನ್ನಡೆ, ಅದಕ್ಕೆ ಕೂಡಿಸಿದ ಎದುರಾಳಿಗಳ ಸರಾಸರಿ ಬಲ. ಸರಾಸರಿ 4 ಅಂಕ ಮುಂದಿರುವ ತಂಡದ ಎದುರಾಳಿಗಳ ಬಲ ‘ಋಣ 1’ ಆದರೆ ಅದರ ನಿಜವಾದ ಬಲ 3. ಇಂತಹ 30 ಸಮೀಕರಣಗಳು, 30 ಅಜ್ಞಾತಗಳು. ಒಟ್ಟು ಬಲ ಸೊನ್ನೆಯೆಂಬ ನಿಬಂಧನೆಯನ್ನೂ ಸೇರಿಸಿ, ಮೊದಲ ಅಂದಾಜಿನಿಂದ ಎರಡನೆಯದನ್ನು, ಎರಡನೆಯದರಿಂದ ಮೂರನೆಯದನ್ನು ಪಡೆಯುತ್ತ ಹೋದರೆ, ಕೆಲವು ಸುತ್ತುಗಳಲ್ಲಿ ಬೆಲೆಗಳು ಸ್ಥಿರವಾಗುತ್ತವೆ.

ಭವಿಷ್ಯ ಹೇಳುವಾಗ ತೊಡಕು ಹೆಚ್ಚು. ಮುಂದಿನ ಋತುವಿನ ಪಟ್ಟಿಯನ್ನು ಕಳೆದ ಋತುವಿನ ಬಲದಿಂದ ಅಳೆಯಬೇಕಾಗುತ್ತದೆ. ಬೋಸ್ಟನ್ನಿನ ‘ಸೆಲ್ಟಿಕ್ಸ್’ 2006–07ರಲ್ಲಿ ಗೆದ್ದುದು 24 ಪಂದ್ಯ. ಕೆವಿನ್ ಗಾರ್ನೆಟ್, ರೇ ಆಲೆನ್ ಬಂದು ಸೇರಿದ ಮರುವರ್ಷ 66! ಹಳೆಯ ಲೆಕ್ಕವನ್ನು ನಂಬಿ ಅವರನ್ನು ಸುಲಭದ ತುತ್ತೆಂದು ಎಣಿಸಿದವರ ಗತಿ ಏನಾಗಿರಬೇಕು!

ಇನ್ನೊಂದು ಮಾತು. ನಾಣ್ಯವನ್ನು 82 ಸಲ ಚಿಮ್ಮಿದರೆ ಸರಾಸರಿ 41 ಸಲ ತಲೆ ಬೀಳುತ್ತದೆ. ಆದರೆ ನಾಲ್ಕೈದರ ಏರಿಳಿತ ಸಹಜ. ತಂಡದ ಗೆಲುವುಗಳಲ್ಲಿಯೂ ಆಕಸ್ಮಿಕದ ಪಾಲು ಅಷ್ಟೇ ಇರುತ್ತದೆ. ಪಟ್ಟಿಯ ಮೂರು ಗೆಲುವಿಗಿಂತ ಅದು ದೊಡ್ಡದು. ಹಾಗೆಂದು ಪಟ್ಟಿಯನ್ನು ಕಡೆಗಣಿಸಬಹುದೆ? ಪ್ರಯೋಗಶಾಲೆಯಲ್ಲಿ ಸ್ಕ್ರೂ ಗೇಜು ಹಿಡಿದ ವಿದ್ಯಾರ್ಥಿಗೆ ಉತ್ತರ ಗೊತ್ತು. ಕೈತಪ್ಪಿನಿಂದಾಗುವ ದೋಷ ಒಮ್ಮೆ ಹೆಚ್ಚು, ಒಮ್ಮೆ ಕಡಮೆ. ಅಳತೆಯನ್ನು ಪುನರಾವರ್ತಿಸಿದಂತೆ ಅದು ಕರಗುತ್ತದೆ. ಸೊನ್ನೆಯ ದೋಷ ಹಾಗಲ್ಲ. ಅದು ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಪಟ್ಟಿಯ ಕಾಠಿಣ್ಯ ಈ ಎರಡನೆಯ ಜಾತಿಯದು. ಪಶ್ಚಿಮದ ತಂಡಗಳಿಗೆ ಆ ಭಾರ ಋತುವಿನ ಮೊದಲ ದಿನದಿಂದ ಕೊನೆಯ ದಿನದವರೆಗೂ ಇತ್ತು.

2020–21ರ ಋತುವಿನಿಂದ ಏಳರಿಂದ ಹತ್ತರವರೆಗಿನ ಸ್ಥಾನದ ತಂಡಗಳಿಗೆ ಪ್ರವೇಶಕ್ಕಾಗಿ ಹೆಚ್ಚಿನ ಪಂದ್ಯಗಳನ್ನು ಏರ್ಪಡಿಸುತ್ತಿದ್ದಾರೆ. ಈ ನಿಯಮ ಮೊದಲೇ ಇದ್ದಿದ್ದರೆ ಸನ್ಸ್ ತಂಡಕ್ಕೂ ಒಂದು ಅವಕಾಶ ದೊರೆಯುತ್ತಿತ್ತು. ಆದರೆ ಪಟ್ಟಿಯ ಅಸಮತೆ ಹಾಗೆಯೇ ಉಳಿದಿದೆ. ನಿಮ್ಮ ಕಾಲೇಜಿನ ಪಂದ್ಯಾವಳಿಯ ಫಲಿತಾಂಶಗಳನ್ನು ತೆಗೆದುಕೊಂಡು ಮೇಲಿನ ಲೆಕ್ಕವನ್ನು ನೀವೇ ಮಾಡಿ ನೋಡಿ. ಐದಾರು ತಂಡಗಳಿಗೆ ಕಾಗದ, ಪೆನ್ಸಿಲು ಸಾಕು. ಎಷ್ಟು ಗೆದ್ದರು ಎಂಬ ಸಂಖ್ಯೆಯ ಪಕ್ಕದಲ್ಲಿ ಯಾರ ಮೇಲೆ ಗೆದ್ದರು ಎಂಬುದನ್ನೂ ಬರೆದಾಗ, ಕೊನೆಯ ಸ್ಥಾನದ ತಂಡ ಅಷ್ಟೇನೂ ದುರ್ಬಲವಲ್ಲವೆಂದು ತಿಳಿದುಬರುವುದೂ ಉಂಟು.