ಕಾರಿನೊಳಗೊಂದು ಕಪ್ಪು ಪೆಟ್ಟಿಗೆ

2010ರ ಮೇ 22ರ ಬೆಳಗನ್ನು ಬಜಪೆಯ ಜನ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಬದುಕುಳಿದವರು ಎಂಟೇ ಮಂದಿ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಮೂರು ಸಲ ಎಚ್ಚರಿಸಿದ್ದರು ಎಂಬುದು ತನಿಖೆಗೆ ಗೊತ್ತಾದದ್ದು ವಿಮಾನದ ಕಪ್ಪು ಪೆಟ್ಟಿಗೆಯಿಂದ. ಚಾಲಕನ ನಡೆಯನ್ನು ಬರೆದಿಡುವ ಅಂಥದೇ ಒಂದು ಪುಟ್ಟ ಪೆಟ್ಟಿಗೆ ಈಗ ನಮ್ಮ ಕಾರಿನೊಳಕ್ಕೂ ಬರುತ್ತಿದೆ. ಕಾರಣ ಮಾತ್ರ ಬೇರೆ: ವಿಮೆಯ ಕಂತಿನಲ್ಲಿ ರಿಯಾಯಿತಿ.

ಇದು ಲಾಭದ ಮಾತೇ? ಅದಕ್ಕೆ ಮೊದಲು ವಾಹನ ವಿಮೆ ಏನೆಂದು ತಿಳಿಯಬೇಕು. ಕಾರಿನ ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಒಂದು, ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ. ಇದೇ ಥರ್ಡ್ ಪಾರ್ಟಿ ವಿಮೆ. 1939ರ ಮೋಟಾರು ವಾಹನ ಕಾಯ್ದೆಯೇ ಇದನ್ನು ಕಡ್ಡಾಯ ಮಾಡಿತು, 1988ರ ಕಾಯ್ದೆ ಮುಂದುವರಿಸಿತು. ಕಾನೂನಿನ ಚಿಂತೆ ಕಾರಿನ ಯಜಮಾನನದ್ದಲ್ಲ, ದಾರಿಹೋಕನದ್ದು. ಸಾವು, ಗಾಯಗಳಿಗೆ ಇಲ್ಲಿ ಪರಿಹಾರದ ಮಿತಿ ಇಲ್ಲ. ಇದರ ದರವನ್ನು ಸರಕಾರ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಂತೆ 1000ದಿಂದ 1500 ಸಿ.ಸಿ.ಯ ಖಾಸಗಿ ಕಾರಿಗೆ ವರ್ಷಕ್ಕೆ 3416 ರೂಪಾಯಿ. ಇದರಲ್ಲಿ ಚೌಕಾಸಿ ಇಲ್ಲ.

ಎರಡನೆಯದು ನಮ್ಮದೇ ಕಾರಿನ ಹಾನಿಗೆ. ಕಂಪೆನಿಗಳ ಪೈಪೋಟಿಯೆಲ್ಲ ಇಲ್ಲಿಯೇ. 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಈ ಭಾಗಕ್ಕೆ ಎರಡು ಹೊಸ ಕ್ರಮಗಳನ್ನು ಒಪ್ಪಿತು: ಓಡಿಸಿದಷ್ಟಕ್ಕೆ ಹಣ, ಓಡಿಸಿದ ರೀತಿಗೆ ಹಣ. ಮೊದಲನೆಯದು ಕಿಲೋಮೀಟರ್ ಎಣಿಸುತ್ತದೆ. ಎರಡನೆಯದು ಮೊಬೈಲ್ ಅಥವಾ ಕಾರಿಗೆ ಜೋಡಿಸಿದ ಉಪಕರಣದ ಮೂಲಕ ವೇಗ, ಬ್ರೇಕ್, ತಿರುವುಗಳನ್ನು ಅಳೆದು ಅಂಕ ಕೊಡುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಸ್ವಂತ ಹಾನಿಯ ಕಂತು 6000 ರೂಪಾಯಿ ಎಂದಿಟ್ಟುಕೊಳ್ಳಿ. ಪರಿಹಾರ ಕೇಳದೆ ಐದು ವರ್ಷ ಕಳೆದವರಿಗೆ ನೋ ಕ್ಲೇಮ್ ಬೋನಸ್ ಶೇ. 50, ಉಳಿದದ್ದು 3000. ಅದರ ಮೇಲೆ ಒಳ್ಳೆಯ ಚಾಲನೆಗೆಂದು ಶೇ. 20 ಬಿಟ್ಟರೂ ಉಳಿಯುವುದು 600 ರೂಪಾಯಿ. ಇಡೀ ವರ್ಷ ಕಣ್ಗಾವಲಿನಲ್ಲಿ ಓಡಾಡಿದ್ದಕ್ಕೆ ಸಿಗುವುದು ಇಷ್ಟೇ. ಬೋನಸ್ಸಿಗಾದರೆ ಯಾವ ಯಂತ್ರವೂ ಬೇಡ. ಪಾಲಿಸಿಯ ಅವಧಿ ಮುಗಿದು 90 ದಿನದೊಳಗೆ ನವೀಕರಿಸಿದರೆ ಸಾಕು.

ನಮ್ಮ ರಸ್ತೆಗಳನ್ನೂ ಮರೆಯುವಂತಿಲ್ಲ. ಕಾವೂರಿನಿಂದ ಮರವೂರು ಸೇತುವೆ ದಾಟಿ ಬಜಪೆಗೆ ಬರುವವರಿಗೆ ತಿರುವು ಹೊಸದಲ್ಲ, ಎದುರು ನುಗ್ಗುವ ಬಸ್ಸೂ ಹೊಸದಲ್ಲ. ಅಡ್ಡ ಬಂದ ಮಗುವನ್ನು ಉಳಿಸಲು ಬ್ರೇಕ್ ಒತ್ತಿದರೂ, ಅಜಾಗರೂಕತೆಯಿಂದ ಒತ್ತಿದರೂ ಯಂತ್ರಕ್ಕೆ ಅದು ಜೋರಾದ ಬ್ರೇಕ್ ಮಾತ್ರ. ರಾತ್ರಿ ಚಾಲನೆಗೆ ಅಂಕ ಕಡಿತ ಇರುವ ಕಡೆ, ನಡುರಾತ್ರಿಯ ವಿಮಾನಕ್ಕೆ ಮಗನನ್ನು ಕರೆತರಲು ಹೋದ ತಂದೆಗೂ ಅಂಕ ಕಡಿಮೆ.

ಆದರೆ ಕಿಲೋಮೀಟರ್ ಲೆಕ್ಕದ ವಿಮೆ ಈ ಊರಿನ ಕೆಲವು ಮನೆಗಳಿಗೆ ಹೇಳಿ ಮಾಡಿಸಿದಂತಿದೆ. ಯಜಮಾನರು ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ. ರಜೆಯಲ್ಲಿ ಬಂದಾಗ ಕಟೀಲಿಗೋ ನೆಂಟರ ಮದುವೆಗೋ ಓಡಿದರೆ ಓಡಿತು. ಇಂಥವರು ದಿನವೂ ಓಡಾಡುವವರಷ್ಟೇ ಕಂತು ಯಾಕೆ ಕಟ್ಟಬೇಕು? ಗಮನಿಸಬೇಕಾದದ್ದು ಒಂದೇ: ಕೊಂಡ ಕಿಲೋಮೀಟರ್ ಮುಗಿದ ಮೇಲೆ ಅಪಘಾತವಾದರೆ ಸ್ವಂತ ಹಾನಿಗೆ ಪರಿಹಾರ ಸಿಗುತ್ತದೆಯೇ ಎಂಬ ಷರತ್ತನ್ನು ಮೊದಲೇ ಓದಬೇಕು.

ಕರಾವಳಿಯವರು ರಿಯಾಯಿತಿಗಿಂತ ಮೊದಲು ಕೇಳಬೇಕಾದದ್ದು ಮಳೆಯ ವಿಷಯ. ನೆರೆಯಿಂದಾದ ಹಾನಿ ಸಮಗ್ರ ಪಾಲಿಸಿಯಲ್ಲಿ ಸೇರಿದೆ. ಆದರೆ ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಅದಕ್ಕೆ ಎಂಜಿನ್ ರಕ್ಷಣೆ ಬೇರೆಯಾಗಿ ಕೊಳ್ಳಬೇಕು. ಕಾರಿನ ವಿಮಾ ಮೌಲ್ಯವನ್ನೂ ನೋಡಿಕೊಳ್ಳಿ. ಅದನ್ನು ಇಳಿಸಿದರೆ ಕಂತು ಇಳಿಯುತ್ತದೆ, ಕಾರು ಕಳವಾದ ದಿನ ಕೈಗೆ ಬರುವ ಹಣವೂ ಇಳಿಯುತ್ತದೆ.

ಕೊನೆಯ ಮಾತು ಮಾಹಿತಿಯದ್ದು. ನಾವು ಎಲ್ಲಿಗೆ, ಯಾವ ಹೊತ್ತಿಗೆ ಹೋದೆವು ಎಂಬುದು ಬರೀ ಅಂಕಿಯಲ್ಲ, ನಮ್ಮ ಬದುಕಿನ ದಿನಚರಿ. ಅದು ಯಾರ ಬಳಿ, ಎಷ್ಟು ಕಾಲ ಇರುತ್ತದೆ, ಪರಿಹಾರ ಕೇಳಿದಾಗ ನಮ್ಮ ವಿರುದ್ಧವೇ ಬಳಕೆಯಾದೀತೇ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ವಿಮಾನದ ಪೆಟ್ಟಿಗೆ ಇರುವುದು ಮುಂದಿನ ಅಪಘಾತ ತಪ್ಪಿಸಲು; ಕಾರಿನ ಪೆಟ್ಟಿಗೆ ಇರುವುದು ಮುಂದಿನ ಕಂತು ಲೆಕ್ಕ ಹಾಕಲು. ಅದನ್ನು ನೋಡಿ ನಮ್ಮ ಕಾಲು ಆಕ್ಸಿಲರೇಟರಿನ ಮೇಲೆ ಸ್ವಲ್ಪ ಹಗುರಾದರೆ ಆ 600 ರೂಪಾಯಿಗಿಂತ ದೊಡ್ಡ ಲಾಭವೇ. ಆದರೆ ಕಾಲನ್ನು ಹಗುರ ಮಾಡಿಕೊಳ್ಳಲು ಪೆಟ್ಟಿಗೆಯೇ ಬೇಕೆಂದಿಲ್ಲ.