ಬಂಡೆಗಳ ಕಡಲಲ್ಲಿ ಒಂದು ಸಹಿ

ಕಡಲು ನೋಡಲು ಕಾರವಾರಕ್ಕೇ ಹೋಗಬೇಕೇ? ನಾನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಲ್ಲಿ ನೋಡಿ ಬಂದೆ. ನೀರಿಲ್ಲ, ಅಷ್ಟೇ!

ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಹಿಂದೆ ಹಾಕಿ ಬಳ್ಳಾರಿ ರಸ್ತೆ ಹಿಡಿದರೆ ಮೊದಲು ಸಿಗುವುದು ಸಾಹಿತಿಗಳಾದ ವೆಂಕಣ್ಣಯ್ಯ, ತ.ರಾ.ಸು. ಮನೆತನದ ತಳುಕು. ಆಮೇಲೆ ಶೇಂಗಾ ಹೊಲ, ಬಳ್ಳಾರಿ ಜಾಲಿ, ಮತ್ತೆ ಶೇಂಗಾ ಹೊಲ. ಮಳೆ ಮುಖ ತೋರಿಸಲು ಜುಗ್ಗತನ ಮಾಡುವ ಸೀಮೆ. ಕಣ್ಣಿಗೆ ಇನ್ನೇನು ಜೊಂಪು ಹತ್ತಬೇಕು, ಅಷ್ಟರಲ್ಲಿ ಎದ್ದವು ನೋಡಿ ಬಂಡೆಗಳು! ಒಂದರ ಹೆಗಲೇರಿ ಇನ್ನೊಂದು, ಅದರ ನೆತ್ತಿಯ ಮೇಲೆ ಮತ್ತೊಂದು. ಉಕ್ಕಿ ಬಂದ ಅಲೆ ದಡಕ್ಕೆ ಬೀಳುವ ಮೊದಲೇ ಕಲ್ಲಾಗಿ ನಿಂತಂತೆ. ಚಿನ್ನಹಗರಿಯ ಒಣ ಪಾತ್ರದಲ್ಲಿ ಚಪ್ಪಲಿ ಬಿಚ್ಚಿ ನಡೆದೆ. ಮರಳು ಕಾಲ್ಬೆರಳ ಸಂದಿಯಲ್ಲಿ ನುಸುಳಿತು. ಗಾಳಿ ಬಂಡೆಗಳ ನಡುವೆ ಮೊರೆಯುತ್ತಿತ್ತು. ನನ್ನನ್ನು ಬಿಟ್ಟರೆ ಅಲ್ಲಿದ್ದವನು ಒಬ್ಬ ಕುರಿಗಾಹಿ.

"ಅಕ್ಷರ ಗುಂಡು ನೋಡಾಕ್ ಬಂದೀರೇನ್ ಸಾಮಿ?" ಎಂದ. ಎಂಥ ಹೆಸರು! ಅಶೋಕನ ಶಾಸನವೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಈ ಊರಿನವರಿಗೆ ಅಕ್ಷರ ಬರೆದ ಗುಂಡು. ಹತ್ತಿರದಲ್ಲೇ ಸಿದ್ದಾಪುರದಲ್ಲಿ ಇನ್ನೊಂದು ಶಾಸನ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಮತ್ತೊಂದು. ಜಟಿಂಗದ್ದಕ್ಕೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದದ್ದು ಅಲ್ಲೇ. ಬಿ.ಎಲ್. ರೈಸ್ 1892ರಲ್ಲಿ ಈ ಮೂರನ್ನೂ ಪತ್ತೆ ಹಚ್ಚುವವರೆಗೆ ಬರೆದವರು ಯಾರೆಂದು ಜನಕ್ಕೆ ಗೊತ್ತಿರಲಿಲ್ಲ. ಆದರೂ ಅಕ್ಷರ ಗುಂಡಿಗೆ ರೋಗ ವಾಸಿಮಾಡುವ ಗುಣವಿದೆ ಎಂದು ನಂಬಿದ್ದರು. ಓದಲು ಬಾರದ ಅಕ್ಷರಕ್ಕೆ ಇಷ್ಟು ಮರ್ಯಾದೆ!

ಕಂಬಿಗಳಾಚೆಯ ಬಂಡೆಯ ಮೇಲೆ ಕಣ್ಣಾಡಿಸಿದೆ. ಬ್ರಾಹ್ಮಿಯ ಸಾಲುಗಳು ಎಡದಿಂದ ಬಲಕ್ಕೆ ಹರಿಯುತ್ತವೆ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಲ್ಲಿನ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಅರಸನ ಮಾತು ತಲುಪಿಸುತ್ತಾರೆ. ತಂದೆತಾಯಿಯರ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ, ನಿಜ ಹೇಳಿ, ಗುರುವನ್ನು ಗೌರವಿಸಿ. ಇದೆಲ್ಲ ಸರಿ. ನನ್ನ ಉಸಿರು ನಿಂತದ್ದು ಕೊನೆಯಲ್ಲಿ. ಬರೆದವನು ಚಪಡ. ಹೆಸರನ್ನು ಬ್ರಾಹ್ಮಿಯಲ್ಲೇ ಬರೆದು, 'ಲಿಪಿಕಾರನಿಂದ' ಎಂಬ ಒಂದೇ ಒಂದು ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ! ಖರೋಷ್ಠಿ ಗಾಂಧಾರದ ಲಿಪಿ, ಇಂದಿನ ಪೇಶಾವರದ ಕಡೆಯದು. ಇಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಯಾರೂ ಇರಲಿಕ್ಕಿಲ್ಲ. ಊರು ಬಿಟ್ಟು ಬಂದವನ ಹೆಮ್ಮೆಯೋ, ತುಂಟತನವೋ. ಸಾಮ್ರಾಟನ ಉಪದೇಶಕ್ಕಿಂತ ನನಗೆ ಈ ಗುಮಾಸ್ತನ ಸಹಿಯೇ ದೊಡ್ಡದಾಗಿ ಕಂಡಿತು.

ಬೆಟ್ಟದ ಇಳಿಜಾರಿನಲ್ಲಿ ಅಶೋಕನಿಗೂ ಹಿಂದಿನಿಂದ ಬಂದ ಗೋರಿಗಳ ಸಾಲು. ನಾಲ್ಕು ಕಲ್ಲುಚಪ್ಪಡಿಗಳ ಕೋಣೆ, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಹಿರೇಬೆಣಕಲ್ ಕಡೆಯವರು ಇಂಥವನ್ನು ಮೋರೇರ ಮನೆ ಎನ್ನುತ್ತಾರೆ. ಹೀಗೆ ಕಿಂಡಿ ಕೊರೆದ ಕಲ್ಲುಗೋರಿಗಳು ಅತ್ತ ಅಟ್ಲಾಂಟಿಕ್ ತೀರದ ಫ್ರಾನ್ಸಿನಲ್ಲೂ ಇವೆ! ಎಂ.ಎಚ್. ಕೃಷ್ಣ ಅವರು ಮೊದಲು ಅಗೆದಿದ್ದ ಈ ನೆಲವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದರು. ಮೇಲಿನ ಪದರಗಳಲ್ಲಿ ಅವರಿಗೆ ಸಿಕ್ಕಿದ್ದು ಒಳಮೈಯಲ್ಲಿ ಸುತ್ತಲೂ ಚುಕ್ಕೆಗೆರೆಗಳಿದ್ದ ತಟ್ಟೆಯ ಚೂರುಗಳು. ಅಂಥವೇ ಪುದುಚೇರಿ ಬಳಿಯ ಅರಿಕಮೇಡು ಬಂದರಿನಲ್ಲಿ ರೋಮನ್ನರ ಸಾಮಾನುಗಳ ಜೊತೆ ಸಿಕ್ಕಿದ್ದವು. ಅದನ್ನೇ ಹಿಡಿದು ಅವರು ಇಲ್ಲಿನ ಪದರಗಳ ಕಾಲ ಗೊತ್ತುಮಾಡಿದರು. ಅಂತೂ ಕಡಲು ಇಲ್ಲಿಗೂ ಬಂದಿತ್ತು, ಒಂದು ತಟ್ಟೆಯ ರೂಪದಲ್ಲಿ!

ಹೊತ್ತು ಇಳಿದಾಗ ಬಂಡೆಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಕುರಿಗಳ ಹಿಂದೆ ಎದ್ದ ಧೂಳು ಊರ ಕಡೆ ತೇಲಿತು. ಬಾಟಲಿಯಲ್ಲಿ ಒಂದು ಗುಟುಕು ನೀರು ಉಳಿದಿತ್ತು. ನೀವು ಹೋಗುವುದಾದರೆ ಎರಡು ಬಾಟಲಿ ಒಯ್ಯಿರಿ. ಬಂಡೆಗಳ ಮೇಲೆ ಮಾತ್ರ ನಿಮ್ಮ ಹೆಸರು ಗೀಚಬೇಡಿ. ಸಹಿ ಹಾಕುವವನು ಆಗಲೇ ಹಾಕಿ ಹೋಗಿದ್ದಾನೆ.