ಶಾಕಂಬರಿಯ ಊರಲ್ಲಿ ಊಟದ ಪಾಠ

ಮಧ್ಯಾಹ್ನದ ಗಂಟೆ ಬಡಿದದ್ದೇ ತಡ, ಬಾಗಲಕೋಟೆ ಜಿಲ್ಲೆಯ ಹುನಗುಂದದ ಎರೆಹೊಲಗಳ ನಡುವಿನ ಶಾಲೆಗಳಲ್ಲಿ ತಾಟುಗಳ ಸದ್ದು. ನಳದ ಮುಂದೆ ಕೈ ತೊಳೆಯುವ ನೂಕಾಟ, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿದ ಎರಡು ಸಾಲು, ಬಕೆಟ್ಟಿನಲ್ಲಿ ಹಬೆಯಾಡುವ ಅನ್ನ, ಮೇಲೆ ಸಾರು. ಒಂದನೇ ತರಗತಿಯ ಪೋರನ ಬೆರಳು ಮೊದಲು ಮಾಡುವ ಕೆಲಸ ಗಜ್ಜರಿ, ಬೀನ್ಸು, ಸೊಪ್ಪಿನ ಎಸಳುಗಳನ್ನು ಆರಿಸಿ ತಾಟಿನ ಅಂಚಿಗೆ ಸರಿಸುವುದು. ಬೆಳಗ್ಗೆ ‘ಕಾಯಿಪಲ್ಯೆ ತಿಂದ್ರ ಏನ್ ಸಿಗತೈತಿ?’ ಎಂದಾಗ ‘ವಿಟಮಿನ್ ರೀ ಸರ್’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ! ತಾಟಿನ ಅಂಚೇ ನಿಜವಾದ ಉತ್ತರಪತ್ರಿಕೆ.

2002ರಲ್ಲಿ ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಲೆಕ್ಕ. 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು. ಸರ್ಕಾರದ ಪಾಲಿನ ಅಳತೆ ಸರಿಯಾಗಿಯೇ ಇದೆ. ಅಂಚಿಗೆ ಸರಿದ ಆ 50 ಗ್ರಾಮೇ ತಕರಾರು.

ಮನೆಯಲ್ಲಾದರೋ? ಇಳಕಲ್ಲಿನ ಓಣಿಗಳಲ್ಲಿ ಸೀರೆ ನೇಯುವ ಅವ್ವ ಮಗ್ಗದ ಕುಣಿ ಬಿಟ್ಟು ಏಳುವಂತಿಲ್ಲ. ಅಳುವ ಕೂಸಿನ ಕೈಗೆ ಐದು ರೂಪಾಯಿ, ಅಂಗಡಿಯಿಂದ ಪರಪರ ಎನ್ನುವ ಪಾಕೀಟು. ಅವಳನ್ನು ಬೈದು ಏನು ಪ್ರಯೋಜನ?

ಇನ್ನು ಶಾಲೆಯ ಗೋಡೆಯ ಆಹಾರದ ಚಾರ್ಟನ್ನು ನೋಡಿ: ಸೇಬು, ಬ್ರೆಡ್ಡು, ಬೆಣ್ಣೆ. ಬಾದಾಮಿ ಹತ್ತಿರದ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟು ಕೂತ ಹೆಣ್ಣುಮಕ್ಕಳು ಮಾರುವುದೇ ಬೇರೆ. ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಜೋಳದ ಪ್ರೋಟೀನಿನಲ್ಲಿ ಕಡಿಮೆ ಬೀಳುವ ಲೈಸೀನ್ ಅಂಶವನ್ನು ಕಾಳು ತುಂಬಿಕೊಡುತ್ತದೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಮೇಲೆ ಹಿಂಡಿದ ಲಿಂಬೆ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ ಅದು ಹತ್ತುವುದನ್ನು ತಡೆಯುತ್ತದೆ. ಇಷ್ಟನ್ನು ನಾಲ್ಕನೇ ತರಗತಿಯ ಮಗುವಿಗೆ ಹೇಳಲು ಆಹಾರ ಪಿರಮಿಡ್ಡಿನ ಚಿತ್ರ ಬೇಕೇ?

ಬನಶಂಕರಿಯ ಇನ್ನೊಂದು ಹೆಸರೇ ಶಾಕಂಬರಿ. ಬನದ ಹುಣ್ಣಿಮೆಯ ತೇರಿನ ಹಿಂದಿನ ದಿನ ಇಲ್ಲಿ ಪಲ್ಯದ ಹಬ್ಬ. ದೇವಿಗೆ ನೂರೆಂಟು ಬಗೆಯ ಕಾಯಿಪಲ್ಯೆಯ ನೈವೇದ್ಯ. ದೇವಿಯೇ ಉಂಡ ಮೇಲೆ ಹಾಗಲಕಾಯಿಯನ್ನು ಅಂಚಿಗೆ ಸರಿಸುವ ಧೈರ್ಯ ಯಾವ ಪೋರನಿಗಿದ್ದೀತು! ಬಾದಾಮಿ ಸೀಮೆಯ ಗುರುಗಳೇ, ಈ ಸಲ ಒಂದು ತರಗತಿಯನ್ನಾದರೂ ಅಂದು ಅಲ್ಲಿಗೆ ಕರೆದೊಯ್ಯಿರಿ. ಊಟದ ಪಾಠವನ್ನು ಅಲ್ಲೇ ಮಾಡಿ.